ರೆಂಟನ್‌ನ ಮೂರನೇ ಶನಿವಾರ

"ನಿಮ್ಮ ಮಗಳು ಅಮೆರಿಕಾದಲ್ಲಿ ಏನು ಕೆಲಸ ಮಾಡ್ತಾಳೆ?" ಎಂದು ಶಿವಮೊಗ್ಗದ ನಮ್ಮ ಮೊಹಲ್ಲಾದಲ್ಲಿ ಯಾರು ಕೇಳಿದರೂ ಮೂರು ವರ್ಷ ನಾನು ಒಂದೇ ಉತ್ತರ ಕೊಟ್ಟೆ. "ಇಂಜಿನಿಯರ್." ಪೂರ್ತಿ ಸುಳ್ಳೇನಲ್ಲ. ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ಏಳು ವರ್ಷ ಕೆಲಸವನ್ನೂ ಮಾಡಿದ್ದಳು. ಆದರೆ 2010ರಲ್ಲಿ ಗಂಡನ ಜೊತೆ ಸಿಯಾಟಲ್ ಪಕ್ಕದ ರೆಡ್ಮಂಡ್‌ಗೆ ಹೋದ ಮೇಲೆ ಅವಳು ಮಾಡುತ್ತಿದ್ದುದು ಅಡುಗೆ, ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಬಟ್ಟೆ ಮಡಿಸುವುದು. ನಾನು ಮನೆಯಲ್ಲಿ ಹೊಲಿಗೆ ತರಗತಿ ನಡೆಸಿ, ಊರವರ ರವಿಕೆ, ಚೂಡಿದಾರ್ ಹೊಲಿದು ಅವಳ ಕಾಲೇಜಿನ ಫೀಸು ಕಟ್ಟಿದವಳು. "ಮಗಳು ಮನೆಯಲ್ಲೇ ಇದ್ದಾಳೆ" ಎಂದು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ.

2013ರ ಸೆಪ್ಟೆಂಬರಿನಲ್ಲಿ ನಾನು ಅಲ್ಲಿಗೆ ಹೋದಾಗ ವಿಷಯ ಸರಿಯಾಗಿ ಅರ್ಥವಾಯಿತು. ಅಳಿಯನದು ಎಚ್-1ಬಿ ಎಂಬ ಕೆಲಸದ ವೀಸಾ. ಅವನ ಹೆಂಡತಿಯೆಂಬ ಕಾರಣಕ್ಕೆ ಇವಳಿಗೆ ಸಿಕ್ಕಿದ್ದು ಎಚ್-4. ಆಗಿನ ಕಾನೂನಿನ ಪ್ರಕಾರ ಎಚ್-4 ಇರುವವರು ಅಲ್ಲಿ ವಾಸಿಸಬಹುದು, ಓದಬಹುದು, ಕಾರು ಓಡಿಸಬಹುದು. ಆದರೆ ಒಂದು ಡಾಲರ್ ದುಡಿಯುವ ಹಾಗಿರಲಿಲ್ಲ. ಅವರ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಸಂಜೆ ಮಕ್ಕಳನ್ನು ಆಡಿಸುತ್ತಾ ಕೂತ ನಮ್ಮ ದೇಶದ ಹೆಣ್ಣುಮಕ್ಕಳನ್ನು ಮಾತಾಡಿಸಿ ನೋಡಿದೆ. ಒಬ್ಬಳು ದಂತವೈದ್ಯೆ, ಒಬ್ಬಳು ಲೆಕ್ಕ ಪರಿಶೋಧಕಿ, ಇಬ್ಬರು ಸಾಫ್ಟ್‌ವೇರಿನವರು. ಎಲ್ಲರೂ ಡಬ್ಬಿಯಲ್ಲಿ ಹಣ್ಣು ಹೆಚ್ಚಿಟ್ಟುಕೊಂಡು ಜಾರುಬಂಡೆಯ ಕೆಳಗೆ ಕಾಯುತ್ತಿದ್ದರು. ಮಕ್ಕಳನ್ನು ಸಾಕುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಬೇಕೆಂದು ಮನೆಯಲ್ಲಿರುವುದು ಬೇರೆ, ಪಾಸ್‌ಪೋರ್ಟಿನ ಮೊಹರು ಕೂರಿಸಿದ್ದಕ್ಕೆ ಕೂರುವುದು ಬೇರೆ.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯಲು ಎದ್ದೆ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಮಗಳು ಸೋಲ್ಡರಿಂಗ್ ಮಾಡುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಮೂಗಿಗೆ ಬರುತ್ತಿದ್ದ ಅದೇ ವಾಸನೆ. ಕೈಬೆರಳಿನ ನಡುವೆ ಪುಟ್ಟ ಗಾಡಿ. ಎರಡು ಚಕ್ರ, ಮುಂದೆ ಉರುಳುವ ಒಂದು ಗುಂಡು, ನಾಲ್ಕು ಪೆನ್‌ಟಾರ್ಚ್ ಸೆಲ್ಲು, ಮೇಲೆ ಒಂದು ನೀಲಿ ಬೋರ್ಡು.

"ಇದೇನೇ ಆಟಿಕೆ?"

"ರೋಬೋಟ್, ಅಮ್ಮೀ. ಶನಿವಾರ ಕ್ಲಬ್ಬಿಗೆ ಒಯ್ಯಬೇಕು."

ಕ್ಲಬ್ಬು ಎಂದ ಕೂಡಲೇ ನನ್ನ ಮುಖ ಗಂಟಾಯಿತು. ನಮ್ಮೂರಿನಲ್ಲಿ ಕ್ಲಬ್ಬು ಎಂದರೆ ಇಸ್ಪೀಟು. ಅವಳು ನಕ್ಕು ವಿವರಿಸಿದಳು. ಸಿಯಾಟಲ್ ರೋಬೋಟಿಕ್ಸ್ ಸೊಸೈಟಿ ಎಂಬ ಹವ್ಯಾಸಿಗಳ ಸಂಘ 1982ರಿಂದಲೂ ಇದೆ. ತಿಂಗಳ ಮೂರನೇ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ರೆಂಟನ್ ಟೆಕ್ನಿಕಲ್ ಕಾಲೇಜಿನಲ್ಲಿ ಸೇರುತ್ತಾರೆ. ಯಾರು ಬೇಕಾದರೂ ಹೋಗಬಹುದು. ಅವಳು ಆಗಲೇ ಮೂರು ಸಲ ಹೋಗಿ ಬಂದಿದ್ದಳು. "ಅಲ್ಲಿ ಯಾರೂ ಸಂಬಳ ಕೊಡುವುದಿಲ್ಲ. ಹಾಗಾಗಿ ವೀಸಾ ಯಾವುದೆಂದು ಯಾರೂ ಕೇಳುವುದೂ ಇಲ್ಲ" ಎಂದಳು. ನಾನು ಮಾತ್ರ ಕೇಳಬೇಕಾದ್ದನ್ನೇ ಕೇಳಿದೆ. "ಹೆಂಗಸರು ಎಷ್ಟು ಜನ ಬರ್ತಾರೆ?" ಅವಳು ಸುಮ್ಮನೆ ಸೋಲ್ಡರ್ ತಂತಿ ಸುತ್ತಿಟ್ಟಳು. ಸರಿ, ನಾನೂ ಬರುತ್ತೇನೆ ಎಂದೆ. ಕಾವಲಿಗೆ ಹೋದವಳು ನಾನು, ಅದನ್ನು ಮುಚ್ಚಿಡುವುದೇಕೆ?

ಅಕ್ಟೋಬರ್ 19. ಬಕ್ರೀದ್ ಕಳೆದು ನಾಲ್ಕೇ ದಿನವಾಗಿತ್ತು. ಕ್ಯಾರೆಟ್ ಹಲ್ವ ಮಾಡಿ ತಟ್ಟೆಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಮೊಮ್ಮಗಳ ತೊಡೆಯ ಮೇಲಿಟ್ಟೆವು. ರೆಡ್ಮಂಡ್‌ನಿಂದ ರೆಂಟನ್‌ಗೆ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಬಲಗಡೆ ವಾಷಿಂಗ್ಟನ್ ಸರೋವರ, ಎದುರಿಗೆ 4,392 ಮೀಟರ್ ಎತ್ತರದ ರೇನಿಯರ್ ಹಿಮಪರ್ವತ ಕಾಣುತ್ತದೆಂದು ಅಳಿಯ ಹೇಳಿದ್ದ. ಕಂಡದ್ದು ಮಂಜು ಮಾತ್ರ. ಆಗುಂಬೆಯ ಘಾಟಿಯಲ್ಲಿ ಮಳೆಗಾಲದ ಬೆಳಿಗ್ಗೆ ಬಸ್ಸಿನ ಗಾಜಿಗೆ ಅಂಟಿಕೊಳ್ಳುತ್ತದಲ್ಲ, ಅಂಥದ್ದು. ರೆಂಟನ್ ಬೋಯಿಂಗ್ 737 ವಿಮಾನಗಳನ್ನು ಜೋಡಿಸುವ ಊರು. ವಿಮಾನದ ಒಡಲು ದೂರದ ಕಾನ್ಸಾಸ್‌ನ ವಿಚಿಟಾದಲ್ಲಿ ತಯಾರಾಗಿ, ಹಸಿರು ಬಣ್ಣ ಬಳಿದುಕೊಂಡು, ರೆಕ್ಕೆಯಿಲ್ಲದೆ ರೈಲಿನಲ್ಲಿ ಬರುತ್ತದಂತೆ. ರೈಲಿನಲ್ಲಿ ಬರುವ ವಿಮಾನ! ಮೊಮ್ಮಗಳು ಕಿಟಕಿಗೆ ಮೂಗು ಒತ್ತಿ ಹುಡುಕಿದಳು, ಅದೂ ಕಾಣಲಿಲ್ಲ.

ತರಗತಿಯ ಕೋಣೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಬಹುಪಾಲು ತಲೆ ನರೆತ ಗಂಡಸರು, ಒಂದಿಬ್ಬರು ಕಾಲೇಜು ಹುಡುಗರು, ತಂದೆಯ ಜೊತೆ ಬಂದ ಒಬ್ಬ ಬಾಲಕ, ಒಬ್ಬ ಬಿಳಿಯ ಹೆಂಗಸು. ತಲೆವಸ್ತ್ರ ಧರಿಸಿದವರು ನಾವಿಬ್ಬರೇ. ಎಲ್ಲರೂ ತಿರುಗಿ ನೋಡುತ್ತಾರೆಂದು ಬೆನ್ನು ನೆಟ್ಟಗೆ ಮಾಡಿ ಕೂತೆ. ಒಬ್ಬರೂ ನನ್ನನ್ನು ನೋಡಲಿಲ್ಲ. ಎಲ್ಲರ ಕಣ್ಣು ಮಗಳ ಕೈಯಲ್ಲಿದ್ದ ಗಾಡಿಯ ಮೇಲಿತ್ತು.

ಪದ್ಧತಿ ಸರಳ. ಒಬ್ಬೊಬ್ಬರಾಗಿ ತಾವು ಮಾಡಿದ್ದನ್ನು ತೋರಿಸುವುದು, ಕೆಟ್ಟದ್ದೇಕೆಂದು ಹೇಳುವುದು, ಉಳಿದವರು ಸಲಹೆ ಕೊಡುವುದು. ಒಬ್ಬ ಹಿರಿಯರು ತಂದಿದ್ದು ಸುಮೋ ರೋಬೋಟ್. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅರ್ಧ ಕಿಲೋ ಮೀರಬಾರದು. 77 ಸೆಂಟಿಮೀಟರ್ ಅಗಲದ, ಬಿಳಿ ಅಂಚಿನ ಕಪ್ಪು ವೃತ್ತದೊಳಗೆ ಎರಡು ಗಾಡಿಗಳು ಒಂದನ್ನೊಂದು ಹೊರಗೆ ತಳ್ಳಬೇಕು. ರಿಮೋಟ್ ಇಲ್ಲ. ಎದುರಾಳಿ ಎಲ್ಲಿದ್ದಾನೆಂದು ತಾನೇ ಹುಡುಕಬೇಕು, ಬಿಳಿ ಅಂಚು ಕಂಡರೆ ತಾನೇ ಹಿಂದೆ ಸರಿಯಬೇಕು. ಇದು ಜಪಾನಿನಿಂದ ಬಂದ ಆಟ. ಈ ಸಂಘದವರೇ ಹುಟ್ಟುಹಾಕಿದ ಸ್ಪರ್ಧೆ ಇನ್ನೊಂದಿದೆ, ಹೆಸರು ರೋಬೋ-ಮೆಗಲನ್. ಬಯಲಿನಲ್ಲಿ, ಹುಲ್ಲು, ಮರ, ಕಲ್ಲುದಾರಿಗಳ ನಡುವೆ ದೂರದೂರದಲ್ಲಿ ರಸ್ತೆಯ ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟಿರುತ್ತಾರೆ. ಗಾಡಿ ಯಾರ ಸಹಾಯವೂ ಇಲ್ಲದೆ ಹೋಗಿ ಕೊನೆಯ ಕೋನನ್ನು ಮುಟ್ಟಬೇಕು. ಉಪಗ್ರಹದ ಲೆಕ್ಕ ಕೆಲವು ಮೀಟರ್ ತಪ್ಪುವುದರಿಂದ ಹತ್ತಿರ ಹೋದ ಮೇಲೆ ಕ್ಯಾಮೆರಾದಿಂದ ಕಿತ್ತಳೆ ಬಣ್ಣವನ್ನು ಗುರುತಿಸಬೇಕು. ಕಿತ್ತಳೆ ಅಂಗಿ ತೊಟ್ಟವರು ಆ ಕಡೆ ಸುಳಿಯದಿದ್ದರೆ ಒಳ್ಳೆಯದು ಎಂದು ಯಾರೋ ನಗಿಸಿದರು.

ನಾವು ಮುಸ್ಲಿಮರೆಂದು ತಿಳಿದು ಆ ಸುಮೋ ಹಿರಿಯರು ಮಗಳ ಹತ್ತಿರ ಬಂದು, "ಅಲ್-ಜಝರಿ ನಿಮ್ಮವರಲ್ಲವೇ?" ಎಂದರು. ನಾನು ಹೆಸರೇ ಕೇಳಿರಲಿಲ್ಲ. ಮಗಳಿಗೂ ಅಷ್ಟಕ್ಕಷ್ಟೆ. ಆತ ನಮಗೆ ಹೇಳಿಕೊಟ್ಟರು. ಈಗಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ದೊರೆಗಳ ಆಶ್ರಯದಲ್ಲಿದ್ದ ಬದೀಉಝ್ಝಮಾನ್ ಅಲ್-ಜಝರಿ 1206ರಲ್ಲಿ ಯಂತ್ರಗಳ ಬಗ್ಗೆ ದೊಡ್ಡ ಗ್ರಂಥ ಬರೆದು ಮುಗಿಸಿದರು. ಆನೆಯ ಮೇಲೆ ಕೂರಿಸಿದ ಗಡಿಯಾರ, ನೀರಿನ ಬಲದಿಂದ ವಾದ್ಯ ನುಡಿಸುವ ಗೊಂಬೆಗಳ ದೋಣಿ. ಕೈ ತೊಳೆಯಲು ನೀರು ಸುರಿಯುವ ನವಿಲು. ನೀರು ತುಂಬುತ್ತಿದ್ದಂತೆ ಒಳಗಿನ ತೇಲುಗ ಮೇಲೇರಿ, ಪುಟ್ಟ ಬಾಗಿಲು ತೆರೆದು ಒಬ್ಬ ಗೊಂಬೆ ಸೇವಕ ಹೊರಬರುತ್ತಾನೆ. ಅವನ ಹಿಂದೆ ಇನ್ನೊಬ್ಬ ಟವೆಲ್ ಹಿಡಿದು ಬರುತ್ತಾನೆ. ನಮ್ಮ ಮನೆಯ ಹಿರಿಯರ ಸುದ್ದಿಯನ್ನು ಪರವೂರಿನ ಅಂಗಡಿಯವನ ಬಾಯಲ್ಲಿ ಕೇಳಿದಂತಾಯಿತು ನನಗೆ. ಆಮೇಲೆ ಮಗಳು ಹುಡುಕಿ ಓದಿ ಹೇಳಿದಳು. ಅಲ್-ಜಝರಿಗಿಂತ ಮೂರೂವರೆ ಶತಮಾನ ಮೊದಲೇ ಬಗ್ದಾದಿನ ಬನೂ ಮೂಸಾ ಸಹೋದರರೂ ಇಂಥದೇ ಗ್ರಂಥ ಬರೆದಿದ್ದರು. 'ರೋಬೋಟ್' ಎಂಬ ಪದ ಮಾತ್ರ ಹೊಸದು. 1920ರಲ್ಲಿ ಚೆಕ್ ಲೇಖಕ ಕರೆಲ್ ಚಾಪೆಕ್ ತನ್ನ ನಾಟಕದಲ್ಲಿ ಬಳಸಿದ್ದು. ಆ ಭಾಷೆಯಲ್ಲಿ 'ರೊಬೊಟಾ' ಎಂದರೆ ಬಿಟ್ಟಿ ಚಾಕರಿ. ಅದನ್ನು ಹೇಳುವಾಗ ಮಗಳು ಪಾತ್ರೆ ತೊಳೆಯುತ್ತಿದ್ದಳು. ಇಬ್ಬರೂ ನಕ್ಕೆವು.

ಮಗಳ ಸರದಿ ಬಂತು. ಬಿಳಿ ಹಾಳೆಯ ಮೇಲೆ ಕಪ್ಪು ಟೇಪಿನ ವಕ್ರ ದಾರಿ ಅಂಟಿಸಿ ನೆಲಕ್ಕೆ ಹಾಸಿದ್ದರು. ಗಾಡಿಯ ಹೊಟ್ಟೆಯ ಕೆಳಗೆ ಎರಡು ಕಣ್ಣು. ಪ್ರತಿ ಕಣ್ಣಿನಲ್ಲೂ ಇನ್ಫ್ರಾರೆಡ್ ಬೆಳಕು ಬಿಡುವುದೊಂದು, ಹಿಂದಿರುಗುವ ಬೆಳಕನ್ನು ಅಳೆಯುವುದೊಂದು. ಬಿಳಿ ಹಾಳೆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಟೇಪು ನುಂಗುತ್ತದೆ. ಎಡಗಣ್ಣಿಗೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಣ್ಣಿಗೆ ಕಂಡರೆ ಬಲಕ್ಕೆ. ಇಷ್ಟೇ ಅದರ ಬುದ್ಧಿ. ಮೊದಲ ಸುತ್ತು ಗಾಡಿ ಇರುವೆಯ ಹಾಗೆ ಅತ್ತಿತ್ತ ಮೂಗಾಡಿಸುತ್ತಾ ಪೂರ್ತಿ ಮಾಡಿತು. ಜನ ಚಪ್ಪಾಳೆ ತಟ್ಟಿದರು. ಮೊಮ್ಮಗಳು ಹಲ್ವದ ತಟ್ಟೆ ಹಿಡಿದೇ ಕುಣಿದಳು.

ಎರಡನೆಯ ಸುತ್ತಿನ ಹೊತ್ತಿಗೆ ಹೊರಗೆ ಮಂಜು ಹರಿದು ಕಿಟಕಿಯಿಂದ ಬಿಸಿಲು ಚೌಕವಾಗಿ ಹಾಳೆಯ ಮೇಲೆ ಬಿತ್ತು. ಗಾಡಿ ಆ ಬಿಸಿಲಿಗೆ ಕಾಲಿಟ್ಟದ್ದೇ ತಡ, ದಾರಿ ಬಿಟ್ಟು ನೇರ ಹೋಗಿ ಕುರ್ಚಿಯ ಕಾಲಿಗೆ ಹೊಡೆಯಿತು. ಮತ್ತೊಮ್ಮೆ ಬಿಟ್ಟಳು, ಮತ್ತೆ ಹಾಗೆಯೇ. ಮಗಳ ಕಿವಿ ಕೆಂಪಾಯಿತು. ಆ ಮುಖ ನನಗೆ ಗೊತ್ತು. ಊರಿನಲ್ಲಿ ಮೊದಲ ಇಂಟರ್‌ವ್ಯೂನಲ್ಲಿ ಫೇಲಾಗಿ ಬಂದ ದಿನವೂ ಹೀಗೇ ಇತ್ತು. ಈಗ ಗಾಡಿಯನ್ನು ಚೀಲಕ್ಕೆ ಹಾಕುತ್ತಾಳೆ, ಮನೆಗೆ ಹೋಗೋಣ ಅಮ್ಮೀ ಎನ್ನುತ್ತಾಳೆ, ಮುಂದಿನ ತಿಂಗಳಿಂದ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ವಿಚಿತ್ರ ನೋಡಿ, ಬೆಳಿಗ್ಗೆ ನಾನು ಬಯಸಿದ್ದೂ ಅದನ್ನೇ. ಈಗ ಅದು ಆಗಬಾರದೆಂದು ಮನಸ್ಸಿನಲ್ಲೇ ದುಆ ಮಾಡುತ್ತಿದ್ದೆ.

ಆದರೆ ಅವಳು ನೆಲದ ಮೇಲೆ ಮೊಣಕಾಲೂರಿ ಕೂತಳು. ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುತ್ತದೆ, ತನ್ನ ಪುಟ್ಟ ದೀಪದ ಬೆಳಕು ಅದರಲ್ಲಿ ಮುಳುಗಿಹೋಗಿದೆ, ಕಣ್ಣಿಗೆ ನೆರಳು ಬೇಕು ಎಂದು ಎಲ್ಲರಿಗೂ ವಿವರಿಸಿದಳು. ಕನ್ನಡದಲ್ಲಿ ನನಗೂ ಹೇಳಿದಳು. ನೆರಳು ತಾನೇ? ನನ್ನ ಬ್ಯಾಗಿನಲ್ಲಿ ಸೂಜಿ-ದಾರ ಸದಾ ಇರುತ್ತದೆ. ಅವಳ ಬಳಿಯಿದ್ದ ಹಳೆಯ ಕಪ್ಪು ದುಪಟ್ಟಾದಿಂದ ಎರಡು ಬೆರಳಿನಗಲದ ಪಟ್ಟಿ ಕತ್ತರಿಸಿ, ನೆರಿಗೆ ಹಿಡಿದು, ಗಾಡಿಯ ಮೂತಿಗೆ ಪುಟ್ಟ ಲಂಗ ಹೊಲಿದುಕೊಟ್ಟೆ. "ರೋಬೋಟಿಗೂ ಪರದಾ ಹಾಕಿಸಿದಿರಾ ಅಮ್ಮೀ" ಎಂದು ಮಗಳು ನಕ್ಕಳು. ಬಿಸಿಲಿಗೆ ಬಿಟ್ಟರೆ ಗಾಡಿ ಮತ್ತೆ ಕುರ್ಚಿಗೇ ಹೋಯಿತು!

ಆಗ ಆ ಬಿಳಿಯ ಹೆಂಗಸು ದುಪಟ್ಟಾದ ತುಂಡೊಂದನ್ನು ಸೆನ್ಸರಿಗೆ ಹಿಡಿದು ಅಂಕಿ ನೋಡಿ ತಲೆಯಾಡಿಸಿದರು. ನಮ್ಮ ಕಣ್ಣಿಗೆ ಕಪ್ಪು ಕಂಡದ್ದೆಲ್ಲ ಇನ್ಫ್ರಾರೆಡ್‌ಗೆ ಕಪ್ಪಲ್ಲವಂತೆ. ಎಷ್ಟೋ ಬಣ್ಣಗಳು ಆ ಕಿರಣವನ್ನು ತಡೆಯುವುದಿಲ್ಲ, ಬಟ್ಟೆಯ ಮೂಲಕ ಹಾಗೇ ಬಿಟ್ಟುಬಿಡುತ್ತವೆ. ಇಪ್ಪತ್ತು ವರ್ಷ ಕಪ್ಪು ಬಟ್ಟೆ ಕತ್ತರಿಸಿದ್ದೇನೆ, ಕಪ್ಪಿನಲ್ಲೂ ಇಂಥ ಮೋಸ ಇದೆಯೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಹಲ್ವದ ತಟ್ಟೆ ಖಾಲಿಯಾಗಿತ್ತು. ಅದರ ಅಲ್ಯೂಮಿನಿಯಂ ಹಾಳೆಯನ್ನು ಒರೆಸಿ, ಕಾಲರಿನೊಳಗೆ ಕ್ಯಾನ್ವಾಸ್ ಇಡುವಂತೆ ಎರಡು ಪದರ ಬಟ್ಟೆಯ ನಡುವೆ ಇಟ್ಟು ಮತ್ತೆ ಹೊಲಿದೆ. ಲೋಹದ ಹಾಳೆಯನ್ನು ಯಾವ ಬೆಳಕೂ ದಾಟದು. ಗಾಡಿ ಬಿಸಿಲಿನ ಚೌಕಕ್ಕೆ ಹೋಯಿತು, ಒಂದು ಕ್ಷಣ ತಡವರಿಸಿತು, ದಾಟಿತು. ಮೂರನೆಯ ಸುತ್ತಿನಲ್ಲಿ ಸೆಲ್ಲು ಸೋತು ನಿಂತಿತು, ಅದು ಬೇರೆ ಮಾತು. ಹಿರಿಯರು ನನ್ನ ಹೊಲಿಗೆಯನ್ನು ತಿರುಗಿಸಿ ನೋಡಿ ಮಗಳನ್ನು ಕೇಳಿದರು, "ನಿಮ್ಮ ತಾಯಿಯೂ ಇಂಜಿನಿಯರಾ?"

ಮಗಳು ಏನು ಉತ್ತರಿಸಿದಳೋ, ನನಗೆ ಕೇಳಿಸಲಿಲ್ಲ. ಝುಹರ್ ನಮಾಝಿಗೆ ಹೊತ್ತಾಗುತ್ತಿತ್ತು, ಹೊರಟೆವು. ದಾರಿಯಲ್ಲಿ ಅವಳು ಮಾತಾಡಿದಷ್ಟು ಆ ಎರಡು ತಿಂಗಳಲ್ಲಿ ಮಾತಾಡಿರಲಿಲ್ಲ. ಸೆಲ್ಲಿನ ಬಗ್ಗೆ, ಮೋಟಾರಿನ ಬಗ್ಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಬಿಡಿಭಾಗಗಳ ಬಗ್ಗೆ. ನಾನು ಊರಿಗೆ ಬಂದ ಮೇಲೆ ಯಾರೋ ಕೇಳಿದಾಗ ಮೊದಲ ಸಲ ನಿಜ ಹೇಳಿದೆ. "ಕೆಲಸಕ್ಕೆ ಪರವಾನಗಿ ಇಲ್ಲ. ಮನೆಯಲ್ಲಿ ರೋಬೋಟ್ ಮಾಡ್ತಾಳೆ." ನಂಬಲಿಲ್ಲ.

2015ರ ಮೇ 26ರಿಂದ ಅಲ್ಲಿನ ಕಾನೂನು ಸ್ವಲ್ಪ ಸಡಿಲವಾಯಿತು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಎಚ್-4 ಹೆಂಡತಿಯರೂ ಕೆಲಸದ ಪರವಾನಗಿ ಕೇಳಬಹುದೆಂದಾಯಿತು. ಎಲ್ಲರಿಗೂ ಅಲ್ಲ. ಪಾರ್ಕಿನ ದಂತವೈದ್ಯೆಯ ಗಂಡನ ಅರ್ಜಿ ಆಗಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ನನ್ನ ಮಗಳಿಗೆ ಪರವಾನಗಿ ಸಿಕ್ಕಿತು, 2016ರಲ್ಲಿ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸವೂ ಸಿಕ್ಕಿತು. ಆರು ವರ್ಷದ ಖಾಲಿ ಜಾಗದಲ್ಲಿ ಏನು ಮಾಡಿದಿರಿ ಎಂದು ಅಲ್ಲಿ ಕೇಳಿದ್ದರಂತೆ. ಅವಳು ಗಾಡಿಯನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದಳು.

ಆಮೇಲೆ ಶನಿವಾರಗಳು ಅವಳಿಗೆ ಸಿಗುವುದು ಕಡಿಮೆಯಾಯಿತು. ಗಾಡಿ ಮೊಮ್ಮಗಳ ಕೈಗೆ ಬಂತು. ಅವಳು ಅದಕ್ಕೆ ಇನ್ನೆರಡು ಕಣ್ಣು ಸೇರಿಸಿ, ಮೂತಿ ಅಗಲ ಮಾಡಿ, ಒಂದು ದಿನ ಫೋನ್ ಮಾಡಿದಳು. "ನಾನಿ, ಹಳೆಯ ಲಂಗ ಸಾಲಲ್ಲ. ಹನ್ನೆರಡು ಸೆಂಟಿಮೀಟರ್ ಬೇಕು. ನೆಲದಿಂದ ಎರಡು ಮಿಲಿಮೀಟರ್ ಮೇಲೆ ನಿಲ್ಲಬೇಕು, ಉಜ್ಜಬಾರದು."

ನೆರಿಗೆ ಬೇಕಾ, ಬೇಡವಾ ಎಂದು ಕೇಳಿ ಬರೆದುಕೊಂಡೆ.