ಕಂಗಾಲು

‘ಕಂಗಾಲು’ ಎಂದರೆ ಇಂದಿನ ಕನ್ನಡದಲ್ಲಿ ದಿಕ್ಕು ತೋಚದ ಸ್ಥಿತಿ. ಹಿಂದಿ, ಉರ್ದು, ಮರಾಠಿಗಳಲ್ಲಿ ‘ಕಂಗಾಲ’ ಎಂದರೆ ಏನೂ ಇಲ್ಲದ ಕಡುಬಡವ. ಎಲುಬುಗೂಡು ಎಂಬರ್ಥದ ಸಂಸ್ಕೃತದ ‘ಕಂಕಾಲ’ವೇ ಇದರ ಮೂಲವೆಂದು ಹೇಳುವುದುಂಟು. ಹಾಗಿದ್ದರೆ ನಮ್ಮ ‘ಬಡವ’ನೂ ಇದೇ ಜಾಡಿನವನು. ‘ಬಡ’ ಎಂದರೂ ಮೊದಲು ಸೊರಗಿದ ಮೈಯೇ. ಬಡಕಲು ದನ ಎನ್ನುವಾಗ ಆ ಅರ್ಥ ಇನ್ನೂ ಕಾಣುತ್ತದೆ.

‘ಕಂಗಾಲು’ ಪದದ ಈ ಎರಡು ಅರ್ಥಗಳೂ ಒಂದೇ ಬಜಾರಿನಲ್ಲಿ ಕಿವಿಗೆ ಬೀಳುವ ಊರು ಕಲಬುರಗಿ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತದ ಭಾಷೆ ಉರ್ದುವಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ದಖನಿ ಉರ್ದು ಹಲವರ ಮನೆಮಾತಾಗಿ ಉಳಿಯಿತು. ಇಲ್ಲಿನ ಕನ್ನಡದಲ್ಲಿ ಬಡವನಿಗೆ ‘ಗರೀಬ’ ಎಂಬುದು ಸಲೀಸಾದ ಮಾತು. ‘ಗರೀಬ ಮನಷಾ’ ಎಂದರೆ ಬಡವನೂ ಹೌದು, ಸಾಧುವೂ ಹೌದು. ಅರಬ್ಬಿಯಲ್ಲಿ ಆ ಪದದ ಮೂಲಾರ್ಥ ಪರವೂರಿನವನು. ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವ ಜಿಲ್ಲೆಯಲ್ಲಿ ಆ ಹಳೆಯ ಅರ್ಥ ಅಷ್ಟೇನೂ ದೂರದ್ದಲ್ಲ.

‘ಕಂಗಾಲು’ ಪದದ ಬಳಕೆಯಲ್ಲಿ ಒಂದು ಕಟ್ಟುಪಾಡಿದೆ: ಕನ್ನಡದಲ್ಲಿ ಯಾರೂ ಕಂಗಾಲಾಗಿ ಹುಟ್ಟುವುದಿಲ್ಲ, ‘ಕಂಗಾಲಾಗುತ್ತಾರೆ’. ಕಡುಬಡವ, ನಿರ್ಗತಿಕ, ಗತಿಗೇಡಿ ಎಂಬ ಮಾತುಗಳು ಇರವನ್ನು ಹೇಳಿದರೆ ಇದು ಬಂದೆರಗಿದ ಪೆಟ್ಟನ್ನು ಹೇಳುತ್ತದೆ. ಹಾಗೆಂದೇ ಪ್ರಶ್ನೆಪತ್ರಿಕೆ ನೋಡಿದ ಸಾಹುಕಾರನ ಮಗನೂ ಕಂಗಾಲಾಗಬಲ್ಲ. ಸುದ್ದಿಪತ್ರಿಕೆಗಳಿಗೆ ಇದು ಪ್ರಿಯವಾದದ್ದೂ ಇದಕ್ಕೇ ಇರಬೇಕು. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಕಲಬುರಗಿಯ ತೊಗರಿ ಒಣಗಿದಾಗ ಹೊಲದೊಡೆಯರ ಪಾಡಿಗೆ ಸರಿಹೊಂದಿದ ಪದ ಇದೇ.

ಕಲಬುರಗಿಯಿಂದ ಹುಮನಾಬಾದ್‌ಗೆ ಹೋಗುವ ದಾರಿಯಲ್ಲಿರುವ ಕಮಲಾಪುರದಲ್ಲಿ ಈ ಪದದ ಮಿತಿಯೂ ತಿಳಿಯುತ್ತದೆ. ಭೌಗೋಳಿಕ ಸೂಚಕ ಪಡೆದ ಅಲ್ಲಿನ ಕೆಂಪು ಬಾಳೆ ಸಾಮಾನ್ಯ ಬಾಳೆಗಿಂತ ತುಟ್ಟಿ. ಗಾಳಿಮಳೆಗೆ ತೋಟ ಮಲಗಿದರೆ ಬೆಳೆಗಾರ ಕಂಗಾಲು. ಅದೇ ತೋಟಕ್ಕೆ ಕೂಲಿಗೆ ಬರುವವರಿಗೆ ಆ ದಿನದ ದುಡಿಮೆ ತಪ್ಪಿದರೂ ತಲೆಬರಹದ ಆ ಪದ ಅವರ ಪಾಲಿಗೆ ಬರುವುದು ಅಪರೂಪ. ಕಳೆದುಕೊಳ್ಳಲು ಏನಾದರೂ ಇದ್ದವರಿಗೇ ಅದು ಮೀಸಲಾದಂತಿದೆ. ದಖನಿಯ ‘ಕಂಗಾಲ್’ ಆ ಕೂಲಿಯವರನ್ನು ಹೊರಗಿಟ್ಟಿಲ್ಲ, ಆದರೆ ಅಲ್ಲಿ ಅದು ಬೈಗುಳವೂ ಹೌದು.

ಕಚೇರಿಯ ಕನ್ನಡ ಬೈಯುವುದೂ ಇಲ್ಲ, ಮರುಗುವುದೂ ಇಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ ತಾಲ್ಲೂಕುಗಳನ್ನೇ ‘ಅತ್ಯಂತ ಹಿಂದುಳಿದ’ ಎಂದು ವಿಂಗಡಿಸಿತು. ಅಂಥ 39ರಲ್ಲಿ 21 ಇದ್ದದ್ದು ಕಲಬುರಗಿ ವಿಭಾಗದಲ್ಲಿ. ಬಡವರಲ್ಲಿ ಕಡುಬಡವರಿಗೆಂದು 2000ದ ಡಿಸೆಂಬರಿನಲ್ಲಿ ಶುರುವಾದ, ಈಗ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ ಧಾನ್ಯ ಕೊಡುವ ಯೋಜನೆಯ ಹೆಸರು ‘ಅಂತ್ಯೋದಯ’. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಅದು ಬರೀ ಕಾರ್ಡಿನ ಹೆಸರು.