ಗಾಯಕ್ಕೆ ಸುರಿದ ತಾಮ್ರ

ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಂದು ಕ್ಲೌನ್ ಮೀನು ಸತ್ತದ್ದು ನನ್ನ ಅವಸರದಿಂದ. ಹಾಗೆಂದು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು.

200 ಲೀಟರಿನ ತೊಟ್ಟಿ ಅದು. ಮೊದಲೇ ಬಂದು ನೆಲೆಯೂರಿದ್ದ ನೀಲಿ ಡ್ಯಾಮ್ಸೆಲ್ ಮೀನು ಕಲ್ಲಿನ ಸಂದುಗಳನ್ನೆಲ್ಲ ತನ್ನವೆಂದೇ ಕಾಯುತ್ತಿತ್ತು. ಹೊಸದಾಗಿ ಬಿಟ್ಟ ಕ್ಲೌನ್ ಮೀನನ್ನು ರಾತ್ರಿ ಕಳೆಯುವುದರೊಳಗೆ ಕಚ್ಚಿಹಾಕಿತು. ಬೆಳಗ್ಗೆ ನೋಡಿದರೆ ಬಾಲ ಹರಿದಿದೆ, ಪಕ್ಕೆಯಲ್ಲಿ ಹುರುಪೆ ಕಿತ್ತು ಬಿಳಿಯ ಗಾಯ. ಮಗಳು ಗಾಜಿಗೆ ಹಣೆ ಒತ್ತಿಕೊಂಡು, "ಅಪ್ಪಾ, ಅದಕ್ಕೆ ನೋಯ್ತಿದ್ಯಾ?" ಎಂದಳು. ಏನಾದರೂ ಮಾಡಲೇಬೇಕು ಅನ್ನಿಸಿತು.

ಬಲೆ ಹಿಡಿದು ಗಾಯಗೊಂಡ ಮೀನನ್ನು ಅರ್ಧ ಗಂಟೆ ಅಟ್ಟಾಡಿಸಿದೆ. ಮೀನಿನ ಮೈಯ ಲೋಳೆ ರೋಗಾಣುಗಳನ್ನು ತಡೆಯುವ ಕವಚ. ಬಲೆಯ ನೂಲು ಅದನ್ನೂ ಉಜ್ಜಿ ತೆಗೆಯಿತು. ಕಡಲ ಮೀನಿನ ರಕ್ತಕ್ಕಿಂತ ಸುತ್ತಲ ನೀರು ಹೆಚ್ಚು ಉಪ್ಪು. ಅದರ ಮೈಯ ನೀರು ಸದಾ ಹೊರಗೆ ಸೋರುತ್ತದೆ, ಆ ನಷ್ಟ ತುಂಬಲೆಂದೇ ಅದು ಕಡಲ ನೀರು ಕುಡಿಯುತ್ತದೆ. ಚರ್ಮ ಹರಿದಾಗ ಸೋರಿಕೆ ಇನ್ನೂ ಹೆಚ್ಚು. ಇದೊಂದೂ ನನಗೆ ತಿಳಿದಿರಲಿಲ್ಲ. ಬೇರೆ ತೊಟ್ಟಿ ಇಲ್ಲದೆ ಮೀನನ್ನು ಮತ್ತೆ ಡ್ಯಾಮ್ಸೆಲ್‌ನ ಬಳಿಗೇ ಬಿಟ್ಟೆ. ಮನೆಯಲ್ಲಿದ್ದ ತಾಮ್ರದ ಔಷಧಿಯನ್ನೂ ಸುರಿದೆ.

ತಾಮ್ರ ಇರುವುದು ಬಿಳಿಚುಕ್ಕೆ ರೋಗ ತರುವಂಥ ಪರಾವಲಂಬಿಗಳಿಗೆ. ಕಚ್ಚಿದ ಗಾಯವನ್ನು ಅದು ಮಾಯಿಸುವುದಿಲ್ಲ. ಸೀಗಡಿ, ಬಸವನಹುಳುಗಳಿಗಂತೂ ವಿಷ. ಮರುದಿನ ತೊಟ್ಟಿಯಲ್ಲಿದ್ದ ಸೀಗಡಿ ಮಗುಚಿ ಬಿದ್ದಿತ್ತು. ಗಾಜಿಗೆ ಅಂಟಿದ್ದ ಬಸವನಹುಳುಗಳು ಒಂದೊಂದೇ ಉದುರಿದವು. ಸತ್ತವು ಕೊಳೆತು ಅಮೋನಿಯಾ ಏರಿತು. ಮೂರನೆಯ ದಿನ ಕ್ಲೌನ್ ಮೀನೂ ಹೋಯಿತು. ಕಲ್ಲು, ಮರಳು ತಾಮ್ರವನ್ನು ಹೀರಿಟ್ಟುಕೊಳ್ಳುವುದರಿಂದ ಅವನ್ನೂ ಬದಲಿಸಬೇಕಾಯಿತು. ನೋಡಲಾಗದ ನನ್ನ ಸಂಕಟ ಕಳೆದುಕೊಳ್ಳಲು ಔಷಧಿ ಸುರಿದಿದ್ದೆ. ಅದರ ಬೆಲೆ ತೆತ್ತವು ಆ ಮೂಕ ಜೀವಗಳು.

ಈಗ ಪಕ್ಕದಲ್ಲಿ 40 ಲೀಟರಿನ ಖಾಲಿ ತೊಟ್ಟಿ, ಹೀಟರ್, ಅಡಗಲು ಪೈಪಿನ ತುಂಡು ಸಿದ್ಧವಿರುತ್ತವೆ. ಅದಕ್ಕೆ ಬೇಕಾದ ಸ್ಪಾಂಜ್ ಫಿಲ್ಟರ್ ದೊಡ್ಡ ತೊಟ್ಟಿಯಲ್ಲೇ ಓಡುತ್ತಿರುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಸಿರಲೆಂದು. ಗಾಯವಾದ ಮೀನನ್ನು ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ ಚಿಕ್ಕ ತೊಟ್ಟಿಗೆ ಬಿಡುತ್ತೇನೆ. ಅಲ್ಲಿ ದೊಡ್ಡ ತೊಟ್ಟಿಯದೇ ನೀರು, 26 ಡಿಗ್ರಿ ಶಾಖ, ಮಂದ ಬೆಳಕು. ಅಮೋನಿಯಾ ಸೊನ್ನೆಯಲ್ಲೇ ಇರುವಂತೆ ದಿನವೂ ಪರೀಕ್ಷಿಸಿ ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತೇನೆ. ಗಾಯ ಕೆಂಪೇರಿದರೆ, ಬೂಸ್ಟಿನಂತೆ ಬಿಳಿ ಕಟ್ಟಿದರೆ ಮಾತ್ರ ತಿಳಿದವರನ್ನು ಕೇಳಿ ತಕ್ಕ ಔಷಧಿ.

ಕಳೆದ ಮಳೆಗಾಲದಲ್ಲಿ ಇನ್ನೊಂದು ಮೀನಿನ ಬಾಲ ಹರಿಯಿತು. ಮೂರು ವಾರ ನೀರು ನೋಡಿಕೊಂಡೆವು, ಅಷ್ಟೇ. ಹರಿದ ಅಂಚಿನಲ್ಲಿ ಗಾಜಿನಂಥ ತೆಳು ರೆಕ್ಕೆ ಚಿಗುರಿದ್ದನ್ನು ಮೊದಲು ಕಂಡವಳು ಮಗಳೇ.