ಹೊಳ್ಳಿ ನೋಡಿ ಮುಂದೆ ಹೋಗು

ಗಲ್ಫಿಗೆ ಹೊರಟವರು ವೀಸಾ, ಸಂಬಳ, ರೂಮು, ಊಟ ಎಲ್ಲದರ ಬಗ್ಗೆಯೂ ಹತ್ತು ಜನರನ್ನು ವಿಚಾರಿಸುತ್ತಾರೆ. ಊರಿನ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ ಎಂದು ಕೇಳುವವರು ಕಡಿಮೆ. ಹತ್ತು ಹದಿನೈದು ವರ್ಷ ಬೈಕ್ ಓಡಿಸಿದ್ದೇವೆ, ಅಲ್ಲಿನ ರಸ್ತೆ ನಮ್ಮದಕ್ಕಿಂತ ಚೆನ್ನಾಗಿದೆ, ಇನ್ನೇನು ಕಷ್ಟ ಎಂಬ ಧೈರ್ಯ. ಆದರೆ ಅಲ್ಲಿನ ನಿವಾಸಿ ವೀಸಾ ಕೈಗೆ ಬಂದ ದಿನದಿಂದ ಆ ಲೈಸೆನ್ಸಿಗೆ ಬೆಲೆಯಿಲ್ಲ. ಪ್ರವಾಸಿಯಾಗಿ ಹೋದವನು ಅಂತರರಾಷ್ಟ್ರೀಯ ಪರ್ಮಿಟ್ ಇಟ್ಟುಕೊಂಡು ಓಡಿಸಬಹುದು. ದುಡಿಯಲು ಹೋದವನು ಮಾತ್ರ ಮೊದಲಿನಿಂದ ಕಲಿಯಬೇಕು.

2016ರಲ್ಲಿ ನಾನು ದುಬೈನ ದೇರಾದಲ್ಲಿ ವಾಹನಗಳ ಬಿಡಿಭಾಗ ಮಾರುವ ಒಂದು ಅಂಗಡಿಗೆ ಲೆಕ್ಕ ಬರೆಯಲು ಹೋದೆ. ಲೆಕ್ಕದ ಜೊತೆಗೆ ಬಿಲ್ಲು ತಲುಪಿಸುವ, ಚೆಕ್ಕು ತರುವ ಕೆಲಸವೂ ಇತ್ತು. ‘ಬೈಕ್ ಲೈಸೆನ್ಸ್ ಮಾಡಿಸಿಕೊಳ್ಳಿ, ಖರ್ಚು ಕಂಪೆನಿ ಕೊಡುತ್ತದೆ’ ಎಂದರು. ಕೊಟ್ಟಿತು, ಆಮೇಲೆ ತಿಂಗಳು ತಿಂಗಳು ಸಂಬಳದಿಂದ ಕಳೆದುಕೊಂಡಿತು. ಫೈಲ್ ತೆರೆಯಲು, ಕಣ್ಣಿನ ಪರೀಕ್ಷೆಗೆ, ಪಾಠಕ್ಕೆ, ತರಬೇತಿಗೆ, ಪ್ರತಿಯೊಂದು ಪರೀಕ್ಷೆಗೆ, ಹೀಗೆ ಎಲ್ಲದಕ್ಕೂ ಬೇರೆ ಬೇರೆ ಶುಲ್ಕ. ಒಂದು ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ತರಗತಿ, ಮತ್ತೆ ಶುಲ್ಕ. ಒಬ್ಬ ಸಾಮಾನ್ಯ ನೌಕರನ ತಿಂಗಳುಗಳ ಉಳಿತಾಯ ಇದರಲ್ಲೇ ಕರಗುತ್ತದೆ.

ಇನ್ನೊಂದು ಸಂಗತಿ ಮನಸ್ಸಿಗೆ ಚುಚ್ಚುತ್ತಿತ್ತು. ಬ್ರಿಟನ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾದಂತಹ ಕೆಲವು ದೇಶಗಳವರು ತಮ್ಮ ಲೈಸೆನ್ಸ್ ತೋರಿಸಿ, ಕಣ್ಣಿನ ಪರೀಕ್ಷೆ ಮಾಡಿಸಿ, ಅಲ್ಲಿನ ಲೈಸೆನ್ಸನ್ನು ಬದಲಿಗೆ ಪಡೆಯುತ್ತಾರೆ. ಆ ಪಟ್ಟಿಯಲ್ಲಿ ನಮ್ಮ ದೇಶವಿಲ್ಲ. ಇದು ಅರಬರದಷ್ಟೇ ರೀತಿಯಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯನೂ ಹನ್ನೆರಡು ತಿಂಗಳು ಊರಿನ ಲೈಸೆನ್ಸಿನಲ್ಲಿ ಓಡಿಸಬಹುದು, ಆಮೇಲೆ ಅವನೂ ಪರೀಕ್ಷೆಗೆ ಕೂರಲೇಬೇಕು.

ನಮ್ಮ ರೂಮಿನಲ್ಲಿ ಈ ಬಗ್ಗೆ ರಾತ್ರಿಯೆಲ್ಲ ಚರ್ಚೆ ನಡೆಯುತ್ತಿತ್ತು. ‘ಬಿಳಿಯರಿಗೊಂದು ಕಾನೂನು, ನಮಗೊಂದು’ ಎಂದು ಬೈಯುವುದು ಸುಲಭ, ಅದರಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಆದರೆ ಬೈದು ಮುಗಿದ ಮೇಲೆ ಒಬ್ಬನಾದರೂ ‘ನಿನ್ನ ಲೈಸೆನ್ಸ್ ಹೇಗೆ ಸಿಕ್ಕಿತು?’ ಎಂದು ಇನ್ನೊಬ್ಬನನ್ನು ಕೇಳುತ್ತಿದ್ದ. ಆಗ ಎಲ್ಲರೂ ನಗುತ್ತಿದ್ದರು. ನಾನು ಆರ್‌ಟಿಓ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿ ತೋರಿಸಿದ್ದೆ. ಅದೇ ದಿನ ಬಂದಿದ್ದ ಕೆಲವರು ಬೈಕ್ ಹತ್ತಲೇ ಇಲ್ಲ, ಏಜೆಂಟ್ ಹಿಂದೆ ನಿಂತು ಸಹಿ ಮಾಡಿ ಹೋದರು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅರ್ಥಶಾಸ್ತ್ರಜ್ಞರು ದಿಲ್ಲಿಯಲ್ಲಿ ಕಾರ್ ಲೈಸೆನ್ಸಿಗೆ ಹೊರಟ 822 ಜನರ ಬೆನ್ನು ಹತ್ತಿದ್ದರು. ಲೈಸೆನ್ಸ್ ಪಡೆದವರಲ್ಲಿ ಶೇಕಡಾ 71ರಷ್ಟು ಮಂದಿ ಓಡಿಸುವ ಪರೀಕ್ಷೆಯನ್ನೇ ಕೊಟ್ಟಿರಲಿಲ್ಲ. ಬೇರೆಯಾಗಿ ಪರೀಕ್ಷಿಸಿ ನೋಡಿದಾಗ ಶೇಕಡಾ 62ರಷ್ಟು ಮಂದಿಗೆ ಓಡಿಸಲು ಬರುತ್ತಿರಲಿಲ್ಲ. ಸರಿಯಾಗಿ ಕಲಿತವನ ಲೈಸೆನ್ಸೂ ದುಡ್ಡು ಕೊಟ್ಟು ಪಡೆದವನ ಲೈಸೆನ್ಸೂ ಒಂದೇ ಬಣ್ಣದ್ದಾಗಿರುವಾಗ ಪರದೇಶದವನು ಯಾವುದನ್ನು ನಂಬಬೇಕು? ನಮ್ಮ ಕಚೇರಿಗಳಲ್ಲಿ ಮಾರಿಕೊಂಡ ಮರ್ಯಾದೆಯ ಬೆಲೆಯನ್ನು ಪ್ರಾಮಾಣಿಕನಾದ ಬಡವ ಪರದೇಶದಲ್ಲಿ ದಿರ್ಹಮ್ ಲೆಕ್ಕದಲ್ಲಿ ತೆರುತ್ತಾನೆ.

ಮೊದಲು ಬರುವುದು ಥಿಯರಿ ಪರೀಕ್ಷೆ. ಕಂಪ್ಯೂಟರ್ ಮುಂದೆ ಕೂತು, ಪ್ರಶ್ನೆ ಓದಿ, ಸರಿ ಉತ್ತರ ಒತ್ತಬೇಕು. ಯಾವ ಭಾಷೆಯಲ್ಲಿ ಬೇಕು ಎಂದು ಮೊದಲೇ ಹೇಳಬೇಕು. ಅರಬಿ, ಇಂಗ್ಲಿಷ್, ಉರ್ದು, ಹಿಂದಿ, ಮಲಯಾಳಂ, ತಮಿಳು, ಬಂಗಾಳಿ ಇದ್ದವು. ಕನ್ನಡ ಇರಲಿಲ್ಲ. ನಮ್ಮ ರೂಮಿನಲ್ಲಿ ಲೈಸೆನ್ಸಿಗೆ ಹೊರಟವರು ನಾಲ್ವರು ಕನ್ನಡಿಗರು. ನಾನು ಉರ್ದುವಿನಲ್ಲಿ ಬರೆದೆ. ಬಂಟ್ವಾಳದ ಬ್ಯಾರಿ ಹುಡುಗ ಮಲಯಾಳಂ ಆರಿಸಿಕೊಂಡ. ಉಡುಪಿ ಕಡೆಯ ಕ್ರಿಶ್ಚಿಯನ್ ಗೆಳೆಯ ಇಂಗ್ಲಿಷ್ ಹಿಡಿದ. ಕೊಪ್ಪಳದ ಹುಡುಗನಿಗೆ ಕನ್ನಡ ಬಿಟ್ಟರೆ ಸಿನಿಮಾದಿಂದ ಕಲಿತ ಹಿಂದಿಯಷ್ಟೇ ಗೊತ್ತು, ಅವನು ಅದನ್ನೇ ನೆಚ್ಚಿಕೊಂಡ. ನಾಲ್ವರು ನಾಲ್ಕು ಭಾಷೆಯಲ್ಲಿ ಪಾಸಾದೆವು. ಆದರೆ ರಾತ್ರಿ ಊಟದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಚಮಚ, ಲೋಟಗಳನ್ನೇ ವಾಹನ ಮಾಡಿಕೊಂಡು ನಿಯಮ ಕಲಿತದ್ದು ಕನ್ನಡದಲ್ಲಿ. ವೃತ್ತದೊಳಗೆ ಮೊದಲೇ ಇರುವವನಿಗೆ ದಾರಿ ಬಿಡಬೇಕು, ಅವನು ಎಡಗಡೆಯಿಂದ ಬರುತ್ತಾನೆ ಎಂಬುದನ್ನು ಕೊಪ್ಪಳದ ಹುಡುಗನಿಗೆ ಬ್ಯಾರಿ ಹುಡುಗ ಚಹಾ ಲೋಟ ಸುತ್ತಿಸಿ ತಿಳಿಸಿದ. ಊರಿನಲ್ಲಿ ಎಡಗಡೆ ಓಡಿಸಿದ ಕೈಗಳಿಗೆ ಅಲ್ಲಿ ಎಲ್ಲವೂ ಬಲಗಡೆ.

ಉರ್ದು ಪಠ್ಯ ಓದುವಾಗ ನನಗೊಂದು ವಿಚಿತ್ರ ಅನುಭವವಾಯಿತು. ನಾನು ಪ್ರೈಮರಿ ಓದಿದ್ದು ಉರ್ದು ಶಾಲೆಯಲ್ಲಿ, ಹೈಸ್ಕೂಲಿನಿಂದ ಮುಂದೆ ಕನ್ನಡ. ಕತೆ ಬರೆದದ್ದೆಲ್ಲ ಕನ್ನಡದಲ್ಲೇ. ಉರ್ದು ಎಂದರೆ ನನಗೆ ಮುಶಾಯಿರಾ, ಗಜಲ್, ಅಜ್ಜನ ಕಾಗದಗಳು. ‘ಫಾಸ್ಲಾ’ ಎಂದರೆ ಪ್ರೇಮಿಗಳ ನಡುವಿನ ಅಂತರ ಎಂದು ತಿಳಿದವನಿಗೆ ಇಲ್ಲಿ ಅದು ಮುಂದಿನ ಲಾರಿಗೂ ನನ್ನ ಬೈಕಿಗೂ ಇರಬೇಕಾದ ದೂರ. ‘ರಫ್ತಾರ್’ ಕಾಲದ ಓಟವಲ್ಲ, ಬೋರ್ಡಿನ ಮೇಲಿನ ಸಂಖ್ಯೆ. ಉರ್ದು ಓದಿ ಏನು ಹೊಟ್ಟೆ ತುಂಬುತ್ತದೆ ಎಂದು ನಮ್ಮೂರಿನಲ್ಲಿ ಕೇಳುವವರಿದ್ದಾರೆ. ಅಂದು ಅದು ನನಗೆ ಅನ್ನದ ದಾರಿ ತೆರೆಯಿತು. ಕನ್ನಡಕ್ಕೂ ಆ ಕಂಪ್ಯೂಟರಿನಲ್ಲಿ ಒಂದು ಜಾಗವಿದ್ದಿದ್ದರೆ ಕೊಪ್ಪಳದ ಹುಡುಗ ಅಷ್ಟು ನಿದ್ದೆಗೆಡಬೇಕಾಗಿರಲಿಲ್ಲ.

ಮೈದಾನದಲ್ಲಿ ನಮ್ಮ ಉಸ್ತಾದ್ ಪೇಶಾವರದ ಪಠಾಣ. ನನ್ನ ದಖನಿಯ ‘ನಕ್ಕೊ’ ಕೇಳಿದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ಸೆಕೆಯಲ್ಲಿ ಹೆಲ್ಮೆಟ್, ಕೈಗವಸು, ಮೊಣಕಾಲಿನ ಕವಚ ಹಾಕಿಕೊಂಡು ಕೋನ್‌ಗಳ ನಡುವೆ ಬೈಕ್ ಹೊರಳಿಸಬೇಕು, ಹೇಳಿದ ಜಾಗದಲ್ಲಿ ಬ್ರೇಕ್ ಹಾಕಿ ನಿಲ್ಲಬೇಕು. ಅದು ನಮ್ಮ ಹುಡುಗರಿಗೆ ಕಷ್ಟವಲ್ಲ. ಕಷ್ಟವಾದದ್ದು ಹಿಂದೆ ನೋಡುವುದು. ಸಾಲು ಬದಲಿಸುವ ಮೊದಲು ಕನ್ನಡಿ ನೋಡಿದರೆ ಸಾಲದು, ಕುತ್ತಿಗೆ ತಿರುಗಿಸಿ ಹೆಗಲ ಮೇಲಿಂದ ನೋಡಬೇಕು. ಕನ್ನಡಿಗೆ ಕಾಣದ ಒಂದು ಮೂಲೆ ಯಾವಾಗಲೂ ಇರುತ್ತದೆ. ಬೈಕಿನವನಿಗೆ ಆ ಮೂಲೆಯಿಂದಲೂ ಸಾವು ಬರಬಹುದು. ಎಷ್ಟೇ ಚೆನ್ನಾಗಿ ಓಡಿಸಿದರೂ ಕುತ್ತಿಗೆ ತಿರುಗಿಸದವನನ್ನು ಪರೀಕ್ಷಕರು ಫೇಲ್ ಮಾಡುತ್ತಿದ್ದರು.

‘ನಮಾಜ್ ಮುಗಿಸುವಾಗ ಸಲಾಮಿಗೆ ಮುಖ ತಿರುಗಿಸುತ್ತೀಯಲ್ಲ, ಹಾಗೆ ತಿರುಗು. ಹೆಗಲು ಕಾಣಬೇಕು’ ಎಂದು ಉಸ್ತಾದ್ ನನಗೆ ಹೇಳಿಕೊಟ್ಟರು. ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ಹೊರಳಿಸಿ, ಪಕ್ಕದಲ್ಲಿರುವವರಿಗೆ ಶಾಂತಿಯನ್ನು ಹಾರೈಸುವ ಸಲಾಮ್ ಅದು. ಬಾಲ್ಯದಿಂದ ಮಾಡಿಕೊಂಡು ಬಂದದ್ದು ರಸ್ತೆಗೂ ಇಷ್ಟು ಒಪ್ಪುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೊಪ್ಪಳದ ಹುಡುಗನಿಗೆ ಆ ಹೋಲಿಕೆ ಹತ್ತಲಿಲ್ಲ. ‘ತಿರುಗಿ ನೋಡಬೇಕಂತೆ ಕಣಪ್ಪಾ’ ಎಂದೆ. ‘ಹೊಳ್ಳಿ ನೋಡಬೇಕು ಅನ್ರಿ ಭಾಯಿ, ತಿಳಿತೈತಿ’ ಎಂದ. ಅಂದಿನಿಂದ ನಮ್ಮ ರೂಮಿನಲ್ಲಿ ಅದೇ ಮಂತ್ರ: ಹೊಳ್ಳಿ ನೋಡು, ಆಮೇಲೆ ಮುಂದೆ ಹೋಗು.

ಲೈಸೆನ್ಸ್ ಸಿಕ್ಕ ದಿನ ಊರಿಗೆ ಫೋನ್ ಮಾಡಿ ಹೇಳದವರಿಲ್ಲ. ಕೈಬೆರಳಷ್ಟು ಉದ್ದದ ಆ ಕಾರ್ಡು ಕೂಲಿಯನ್ನು ಸವಾರನನ್ನಾಗಿ ಮಾಡುತ್ತದೆ, ಸಂಬಳ ಏರುತ್ತದೆ. ಅದನ್ನು ಉಳಿಸಿಕೊಳ್ಳುವುದೂ ಒಂದು ಕೆಲಸ. ಹೆಲ್ಮೆಟ್ ಇಲ್ಲದೆ ಓಡಿಸಿದರೆ 500 ದಿರ್ಹಮ್ ದಂಡ, ನಾಲ್ಕು ಕಪ್ಪು ಅಂಕ. ವರ್ಷದಲ್ಲಿ ಇಂಥ ಅಂಕ 24 ಆದರೆ ಲೈಸೆನ್ಸ್ ಅಮಾನತು. ಅಲ್ಲಿ ಪೊಲೀಸನ ಜೊತೆ ‘ಏನಾದರೂ ಮಾಡಿಕೊಳ್ಳೋಣ ಸಾರ್’ ಎನ್ನುವ ಮಾತೇ ಇಲ್ಲ. ಇಷ್ಟರ ಮಟ್ಟಿಗೆ ಆ ವ್ಯವಸ್ಥೆಯ ಬಗ್ಗೆ ನನಗೆ ಈಗಲೂ ಗೌರವವಿದೆ.

ಆದರೆ ಲೈಸೆನ್ಸಿನ ನಂತರದ ಕತೆ ಬೇರೆ. ಕೊಪ್ಪಳದ ಹುಡುಗ ಒಂದು ಗುತ್ತಿಗೆದಾರನ ಕೈಕೆಳಗೆ ಊಟ ತಲುಪಿಸುವ ಕೆಲಸಕ್ಕೆ ಸೇರಿದ. ಡೆಲಿವರಿ ಒಂದಕ್ಕೆ ಇಷ್ಟು ಎಂದು ಲೆಕ್ಕ. ಬಾಡಿಗೆ, ಲೈಸೆನ್ಸಿನ ಸಾಲ, ಊರಿನಲ್ಲಿ ತಂಗಿಯ ಮದುವೆ ಎಲ್ಲವೂ ಆ ಲೆಕ್ಕದ ಮೇಲೇ ನಿಂತಿತ್ತು. ಒಂದು ರಾತ್ರಿ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಭಾಯಿ, ಲೈಸೆನ್ಸ್ ತಗೊಳ್ಳಾಕ ಹೊಳ್ಳಿ ನೋಡಬೇಕಿತ್ತು. ಈಗ ಹೊಳ್ಳಿ ನೋಡಾಕ ಟೈಮ್ ಇಲ್ಲ, ಮೊಬೈಲ್ ನೋಡ್ಕೋತ ಓಡಿಸಬೇಕು.’

ತಿಂಗಳುಗಟ್ಟಲೆ ಹಣ ಕಟ್ಟಿ ಕಲಿತ ತಾಳ್ಮೆಯನ್ನು ಕೆಲಸ ಒಂದೇ ವಾರದಲ್ಲಿ ಮರೆಸುತ್ತದೆ. ನಿಧಾನವಾಗಿ ಹೋದವನಿಗೆ ದಂಡವಿಲ್ಲ ನಿಜ, ಆದರೆ ದುಡ್ಡೂ ಇಲ್ಲ. 2022ರ ಮೇ ತಿಂಗಳಲ್ಲಿ ದುಬೈನ ಒಂದು ಕಂಪೆನಿ ಡೆಲಿವರಿಯೊಂದರ ದರವನ್ನು 10.25 ದಿರ್ಹಮ್‌ನಿಂದ 8.75ಕ್ಕೆ ಇಳಿಸಲು ಹೊರಟಾಗ ಸವಾರರು ಕೆಲಸ ನಿಲ್ಲಿಸಿದರು. ಮುಷ್ಕರಕ್ಕೆ ಅವಕಾಶವೇ ಇಲ್ಲದ ನಾಡಿನಲ್ಲಿ ಅದು ದೊಡ್ಡ ಮಾತು, ಕಂಪೆನಿ ಹಿಂದೆ ಸರಿಯಿತು. ಒಂದೂವರೆ ದಿರ್ಹಮ್ ಎಂದರೆ ಅವರಿಗೆ ಇನ್ನಷ್ಟು ಓಟ, ಇನ್ನಷ್ಟು ಅವಸರ. 2024ರಲ್ಲಿ ದುಬೈ ಸರ್ಕಾರ ಸವಾರರಿಗಾಗಿ 40 ಹವಾನಿಯಂತ್ರಿತ ವಿಶ್ರಾಂತಿ ಕೋಣೆಗಳನ್ನು ಕಟ್ಟಿ ಮುಗಿಸಿತು. 2025ರ ನವೆಂಬರ್‌ನಿಂದ ಐದು ಅಥವಾ ಅದಕ್ಕಿಂತ ಹೆಚ್ಚು ಸಾಲಿನ ರಸ್ತೆಗಳಲ್ಲಿ ವೇಗದ ಎರಡು ಸಾಲುಗಳಿಗೆ ಡೆಲಿವರಿ ಬೈಕುಗಳು ಹೋಗದಂತೆ ತಡೆಯಿತು. ಇವೆಲ್ಲ ಒಳ್ಳೆಯದೇ. ಆದರೆ ಅವಸರ ಹುಟ್ಟುವುದು ರಸ್ತೆಯಲ್ಲಲ್ಲ, ಸಂಬಳದ ಲೆಕ್ಕದಲ್ಲಿ.

2023ರಲ್ಲಿ ನಾನು ಊರಿಗೆ ಮರಳಿದೆ. ಇಲ್ಲಿಯೂ ಈಗ ಅದೇ ಚೀಲ, ಅದೇ ಮೊಬೈಲು, ಅದೇ ಓಟ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿದೆ. ಅದು ಆ ಹುಡುಗರನ್ನು ಎಷ್ಟು ತಲುಪುತ್ತದೆ ಎಂಬುದನ್ನು ನಾವೆಲ್ಲರೂ ಗಮನಿಸಬೇಕು.

ಲೈಸೆನ್ಸ್ ಕೊಡುವುದು ಸರ್ಕಾರದ ಕೆಲಸ, ಓಡಿಸುವುದು ಸವಾರನ ಕೆಲಸ. ಅವನಿಗೆ ಹೊಳ್ಳಿ ನೋಡುವಷ್ಟು ಸಮಯ ಉಳಿಸುವುದು ಯಾರ ಕೆಲಸ? ಕಂಪೆನಿಯದು ಎಂದು ಹೇಳಿ ನಾವು ತಪ್ಪಿಸಿಕೊಳ್ಳಬಹುದು. ಆದರೆ ಬಿರಿಯಾನಿ ಹತ್ತು ನಿಮಿಷ ತಡವಾಯಿತೆಂದು ದೂರು ಬರೆಯುವ ಬೆರಳು ನಮ್ಮದೇ. ಬಾಗಿಲಿಗೆ ಬಂದ ಹುಡುಗನಿಗೆ ‘ನಿಧಾನಕ್ಕೆ ಹೋಗಪ್ಪಾ’ ಎಂದರೆ ಸಾಲದು. ಅವನು ನಿಧಾನವಾಗಿ ಬಂದ ದಿನವೂ ನಾವು ಹಾಗೆಯೇ ಇರಬೇಕು.